ಎರಡು ಪಂಚಗಂಗೆ, ಒಂದು ಹೂಮೀನು

ಕೊಲ್ಹಾಪುರದ ಕಡೆಯವರಿಗೆ ಪಂಚಗಂಗೆ ಎಂದರೆ ಒಂದೇ ಹೊಳೆ. ಕಾಸಾರಿ, ಕುಂಭಿ, ತುಳಶಿ, ಭೋಗಾವತಿ ಮತ್ತು ಕಣ್ಣಿಗೆ ಕಾಣದ ಸರಸ್ವತಿ ಪ್ರಯಾಗ ಚಿಖಲಿಯಲ್ಲಿ ಕೂಡಿದ ಮೇಲೆ ಆ ಹೆಸರು ಬರುತ್ತದೆ. ಮುಂದೆ ಇಚಲಕರಂಜಿಯನ್ನು ಹಾದು ನರಸೋಬವಾಡಿಯಲ್ಲಿ ಅದು ಕೃಷ್ಣೆಯ ಪಾಲಾಗುತ್ತದೆ. ಘಟ್ಟ ಇಳಿದು ಕುಂದಾಪುರಕ್ಕೆ ಹೋದರೆ ಅಲ್ಲಿಯೂ ಒಂದು ಪಂಚಗಂಗೆ ಇದೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಸಮುದ್ರದ ಬಾಯಲ್ಲಿ ಒಂದಾಗುವ ಆ ಅಳಿವೆಯನ್ನು ಅಲ್ಲಿಯ ಜನ ಪಂಚಗಂಗಾವಳಿ ಎನ್ನುತ್ತಾರೆ. ಒಂದು ಪೂರ್ವಕ್ಕೆ ಹರಿಯುವ ಸಿಹಿನೀರು, ಇನ್ನೊಂದು ದಿನಕ್ಕೆ ಎರಡು ಸಲ ಉಬ್ಬರದಲ್ಲಿ ಉಪ್ಪಾಗುವ ನೀರು. ಹೆಸರೊಂದನ್ನು ಬಿಟ್ಟರೆ ಇವೆರಡಕ್ಕೂ ಸಂಬಂಧ ಇಲ್ಲ ಎಂದೇ ಬಹಳ ದಿನ ತಿಳಿದಿದ್ದೆ. ಒಂದು ಮೀನಿನ ಬೆನ್ನು ಹತ್ತಿದ ಮೇಲೆ ಹಾಗನ್ನಿಸುತ್ತಿಲ್ಲ.

ಆ ಮೀನಿನ ಹೆಸರು ಹೂಮೀನು. ಕೇರಳದವರಿಗೆ ಪೂಮೀನ್. ಇಂಗ್ಲಿಷಿನವರು ಮಿಲ್ಕ್‌ಫಿಶ್ ಎಂದರು. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲಿ ಕುಂದಾಪುರದ ಬಗ್ಗೆ ಬರೆಯುವಾಗ ಊರ ಬಳಿಯ ಒಂದು ಸಿಹಿನೀರಿನ ಕೆರೆಯ ಮಾತು ಬರುತ್ತದೆ. ಆ ಕೆರೆಯಲ್ಲಿ ‘ಹೂಮೀನು’ ಎಂಬ ಮೀನು ಇತ್ತು, ಟಿಪ್ಪು ಸುಲ್ತಾನನ ಕಾಲದಲ್ಲಿ ಅದನ್ನು ಅವನ ಊಟಕ್ಕೆಂದೇ ಮೀಸಲಿಟ್ಟಿದ್ದರು ಎಂದು ಅಲ್ಲಿ ದಾಖಲಾಗಿದೆ. ಹತ್ತೊಂಬತ್ತನೆಯ ಶತಮಾನದ ಮತ್ಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಇದರ ಶ್ರೇಯವನ್ನು ಅವನ ತಂದೆಗೆ ಕೊಡುತ್ತಾನೆ. ದಕ್ಷಿಣ ಕನ್ನಡದ ಸಿಹಿನೀರಿನ ಕೆರೆಗಳಿಗೆ ಈ ಮೀನನ್ನು ತಂದು ಬಿಟ್ಟವನು ಹೈದರಾಲಿ ಎಂಬುದು ಅವನ ಬರಹ. ಹೈದರ್ ಬಿದನೂರನ್ನು ಗೆದ್ದದ್ದು 1763ರಲ್ಲಿ, ಕುಂದಾಪುರ ಅವನ ಕೈಗೆ ಬಂದದ್ದು ಅದರ ಬೆನ್ನಿಗೆ. ತಂದೆಯೋ ಮಗನೋ, ಎರಡೂ ಬರಹಗಳಿಂದ ತಿಳಿಯುವ ಮುಖ್ಯ ಸಂಗತಿ ಬೇರೆ: ಸಮುದ್ರದ ಮೀನೊಂದನ್ನು ಸಿಹಿನೀರಿನ ಕೆರೆಯಲ್ಲಿ ಸಾಕಬಹುದು ಎಂಬುದು ಕನ್ನಡನಾಡಿನ ಕರಾವಳಿಗೆ ಇನ್ನೂರೈವತ್ತು ವರ್ಷಗಳ ಹಿಂದೆಯೇ ಗೊತ್ತಿತ್ತು.

ಇಲ್ಲೊಂದು ಮಾತು ಹೇಳಬೇಕು. ಹೂಮೀನು ಕೆರೆಯಲ್ಲಿ ಎಷ್ಟು ದೊಡ್ಡದಾಗಿ ಬೆಳೆದರೂ ಅಲ್ಲಿ ಮರಿ ಹಾಕುವುದಿಲ್ಲ. ಮೊಟ್ಟೆ ಇಡುವುದು ಸಮುದ್ರದಲ್ಲಿಯೇ, ತಿಳಿನೀರು ಇರುವ ಕಡೆ, ರಾತ್ರಿಯ ಹೊತ್ತಿನಲ್ಲಿ. ಒಡೆದು ಬಂದ ಮರಿ ಎರಡು ಮೂರು ವಾರ ಅಲೆಯಲ್ಲಿ ತೇಲಿ ದಡದ ಹತ್ತಿರ ಬರುತ್ತದೆ. ಆಗ ಅದರ ಉದ್ದ ಒಂದು ಬೆರಳಿನ ಅಗಲವೂ ಇರುವುದಿಲ್ಲ. ಮೈಯೆಲ್ಲ ಗಾಜಿನ ಎಳೆ. ಬಿಳಿ ಬೋಗುಣಿಯಲ್ಲಿ ನೀರು ತುಂಬಿ ನೋಡಿದರೆ ಕಾಣುವುದು ಮೂರೇ ಕಪ್ಪು ಚುಕ್ಕೆ. ಎರಡು ಕಣ್ಣು, ಒಂದು ಗಾಳಿಚೀಲ. ಅಂದರೆ ಸುಲ್ತಾನನ ಕೆರೆಯಲ್ಲಿ ಮೀನು ಉಳಿಯಬೇಕಾದರೆ ಅಳಿವೆಯಿಂದ ಮರಿ ಬರುತ್ತಲೇ ಇರಬೇಕಿತ್ತು. ಯಾರೋ ಮೊಣಕಾಲು ನೀರಿನಲ್ಲಿ ನಿಂತು ಬಟ್ಟೆ ಸೋಸಿ ಆ ಮೂರು ಚುಕ್ಕೆಗಳನ್ನು ಗುರುತು ಹಿಡಿದು ಗಡಿಗೆಯಲ್ಲಿ ತುಂಬಿ ತಂದಿರಬೇಕು. ಮೀನಿನ ಗುಣ ಗೊತ್ತಿದ್ದದ್ದು ಅವರಿಗೆ.

ಈ ಮರಿಯ ತೊಡಕು ಬಿಡಿಸಲು ವಿಜ್ಞಾನಕ್ಕೂ ಬಹಳ ಕಾಲ ಹಿಡಿಯಿತು. ಹೂಮೀನು ಪ್ರಾಯಕ್ಕೆ ಬರಲು ನಾಲ್ಕೈದು ವರ್ಷವಾದರೂ ಬೇಕು. ಕೈಯಲ್ಲಿ ಹಿಡಿದರೆ ಹುರುಪೆ ಉದುರುತ್ತದೆ, ಬಲೆಗೆ ಸಿಕ್ಕರೆ ಗಾಬರಿಯಿಂದ ಚಿಮ್ಮಿ ಸಾಯುತ್ತದೆ. ಫಿಲಿಪ್ಪೀನ್ಸ್ ಮತ್ತು ತೈವಾನಿನವರು 1970ರ ದಶಕದಲ್ಲಿ ಕೃತಕವಾಗಿ ಮರಿ ಮಾಡಿಸುವ ದಾರಿ ಕಂಡುಕೊಂಡರು. ನಮ್ಮಲ್ಲಿ ಚೆನ್ನೈನ ಕೇಂದ್ರೀಯ ಚವಳುನೀರು ಮತ್ಸ್ಯಕೃಷಿ ಸಂಶೋಧನಾ ಸಂಸ್ಥೆ, ಎಲ್ಲರೂ ಸಿಬಾ ಎಂದು ಕರೆಯುವ ಸಂಸ್ಥೆ, 2015ರಲ್ಲಿ ಮೊದಲ ಸಲ ಅದನ್ನು ಸಾಧಿಸಿತು. ಅಲ್ಲಿಯವರೆಗೆ ಭಾರತದಲ್ಲಿ ಹೂಮೀನು ಸಾಕಬೇಕೆಂದವರು ಹೈದರಾಲಿಯ ಕಾಲದವರಂತೆಯೇ ಅಳಿವೆಯ ಬಾಯಿಗೆ ಹೋಗಿ ಮರಿ ಹುಡುಕಬೇಕಿತ್ತು.

ಇಷ್ಟು ಕಷ್ಟಪಟ್ಟು ಸಾಕಬೇಕಾದ ಮೀನು ಯಾಕೆ ಬೇಕು? ಉತ್ತರ ಅದರ ಬಾಯಲ್ಲಿದೆ. ಹೂಮೀನಿಗೆ ಹಲ್ಲಿಲ್ಲ. ಅದು ಮುಖ್ಯವಾಗಿ ಮೇಯುವುದು ಪಾಚಿ. ಆಕಳು ಹುಲ್ಲು ಮೇದು ಹಾಲು ಕೊಟ್ಟ ಹಾಗೆ ಇದು ಕೆಸರಿನ ಮೇಲಿನ ಹಸಿರನ್ನು ಮೇದು ಮಾಂಸ ಕೊಡುತ್ತದೆ. ನೂರು ಗ್ರಾಂ ಮೀನಿನಲ್ಲಿ ಇಪ್ಪತ್ತು ಗ್ರಾಂ ಪ್ರೋಟೀನು, ಆರೇಳು ಗ್ರಾಂ ಕೊಬ್ಬು. ಇದರ ಬೆಲೆ ಗೊತ್ತಾಗುವುದು ಬೇರೆ ಸಾಕಣೆಯ ಪಕ್ಕದಲ್ಲಿ ಇಟ್ಟು ನೋಡಿದಾಗ. ಸಿಗಡಿಗೆ, ದೊಡ್ಡ ಬಾಯಿಯ ಬೇಟೆ ಮೀನುಗಳಿಗೆ ಮೀನಿನ ಪುಡಿ ಬೆರೆತ ಆಹಾರ ಹಾಕಬೇಕು. ಆ ಪುಡಿಗಾಗಿ ಕರಾವಳಿಯ ಕಾರ್ಖಾನೆಗಳಿಗೆ ಲೋಡುಗಟ್ಟಲೆ ಬೂತಾಯಿ ಹೋಗುತ್ತದೆ. ಬಡವರ ತಟ್ಟೆಯ ಬೂತಾಯಿಯನ್ನು ಪುಡಿ ಮಾಡಿ ಶ್ರೀಮಂತರ ತಟ್ಟೆಯ ಸಿಗಡಿ ಬೆಳೆಸುವುದು ನನಗೆ ಎಂದೂ ಸರಿ ಕಂಡಿಲ್ಲ. ಹೂಮೀನು ಆ ಸಾಲಿಗೆ ಸೇರಿದ್ದಲ್ಲ.

ಅದಕ್ಕೆ ಪಾಚಿ ಬೆಳೆಸುವುದೇ ಒಂದು ಬೇಸಾಯ. ಫಿಲಿಪ್ಪೀನ್ಸಿನ ರೈತರು ಮೊದಲು ಕೊಳದ ನೀರು ಬಸಿದು ತಳ ಬಿರುಕು ಬಿಡುವ ತನಕ ಒಣಗಿಸುತ್ತಾರೆ. ಮೇಲೆ ಕೋಳಿಗೊಬ್ಬರ ಹರಡುತ್ತಾರೆ. ಆಮೇಲೆ ಗೇಣುದ್ದಕ್ಕಿಂತ ಕಡಿಮೆ ನೀರು ಬಿಟ್ಟು ಬಿಸಿಲಿಗೆ ಒಪ್ಪಿಸುತ್ತಾರೆ. ಕೆಲವೇ ದಿನಗಳಲ್ಲಿ ತಳದ ಮೇಲೆ ಕಂಬಳಿಯಂಥ ಒಂದು ಪದರ ಕೂರುತ್ತದೆ. ಪಾಚಿ, ಸೂಕ್ಷ್ಮಜೀವಿ, ಸಣ್ಣ ಹುಳು ಎಲ್ಲ ಹೆಣೆದುಕೊಂಡ ಆ ಪದರಕ್ಕೆ ಅವರು ಲಬ್‌ಲಬ್ ಎನ್ನುತ್ತಾರೆ. ನೀರನ್ನು ನಿಧಾನವಾಗಿ ಏರಿಸಬೇಕು. ಒಮ್ಮೆಲೇ ಏರಿಸಿದರೆ ಕಂಬಳಿ ಕಿತ್ತು ಮೇಲೆ ತೇಲಿ ಕೊಳೆಯುತ್ತದೆ. ಮೆಕ್ಕೆಜೋಳಕ್ಕೆ ನೀರು ಹಾಯಿಸಿದವರಿಗೆ ಈ ಹದ ಹೇಳಿಕೊಡಬೇಕಾಗಿಲ್ಲ.

ಜಾವಾದಲ್ಲಿ ಈ ಸಾಕಣೆಗೆ ಆರು ಶತಮಾನಗಳ ಚರಿತ್ರೆ ಇದೆ. ಫಿಲಿಪ್ಪೀನ್ಸಿನಲ್ಲಿ ಇದು ಮನೆಮನೆಯ ಮೀನು. ಅಲ್ಲಿಯ ಭಾಷೆಯಲ್ಲಿ ಬಂಗುಸ್. ದಗುಪಾನ್ ಪಟ್ಟಣ ಅದರ ಹೆಸರಿನಲ್ಲಿ ಹಬ್ಬವನ್ನೇ ಮಾಡುತ್ತದೆ. ತೈವಾನಿನ ತೈನಾನ್ ನಗರದಲ್ಲಿ ಬೆಳಗಿನ ತಿಂಡಿಗೆ ಇದರ ಹೊಟ್ಟೆಯ ಭಾಗ ಹಾಕಿದ ಅನ್ನದ ಗಂಜಿ ಕುಡಿಯುತ್ತಾರೆ. ಅಲ್ಲಿ ಮರಿ ಎಣಿಸುವವರಿಗೆ ಲೆಕ್ಕ ತಪ್ಪದಿರಲೆಂದು ಎಣಿಕೆಯ ಹಾಡೇ ಇತ್ತು. ತೈವಾನಿನಿಂದ ಡಚ್ಚರನ್ನು 1662ರಲ್ಲಿ ಓಡಿಸಿದ ಕೊಕ್ಸಿಂಗಾ ಎಂಬ ಸೇನಾನಿಗೂ ಈ ಮೀನಿಗೂ ಜನ ಒಂದು ಕಥೆ ಕಟ್ಟಿದ್ದಾರೆ. ಅವನ ಹೆಸರಿನಿಂದಲೂ ಮೀನನ್ನು ಕರೆಯುತ್ತಾರೆ. ಕುಂದಾಪುರದಲ್ಲಿ ಸುಲ್ತಾನ, ತೈನಾನಿನಲ್ಲಿ ಸೇನಾನಿ. ಕೆಸರಿನ ಪಾಚಿ ತಿನ್ನುವ ಮೀನಿಗೆ ಎರಡೂ ಕಡೆ ದೊಡ್ಡವರ ಹೆಸರು ಅಂಟಿದೆ.

ನಮ್ಮ ಕರಾವಳಿಯಲ್ಲಿ ಹೂಮೀನಿಗೆ ಇನ್ನೊಂದು ಮನೆ ಗಜನಿ. ಕುಮಟಾದ ಅಘನಾಶಿನಿ ಅಳಿವೆಯ ಉದ್ದಕ್ಕೂ ಒಡ್ಡು ಕಟ್ಟಿದ ಈ ಭೂಮಿಯಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ತೂಬಿನ ಹಲಗೆ ಎತ್ತಿ ಉಬ್ಬರದ ನೀರನ್ನು ಒಳಗೆ ಬಿಟ್ಟರೆ ಸಿಗಡಿ, ಮೀನುಮರಿ ತಾವಾಗಿಯೇ ಬರುತ್ತವೆ. ಕೊಳೆತ ಹುಲ್ಲಿನ ಮೇಲೆ ಹುಟ್ಟುವ ಪಾಚಿ ಅವಕ್ಕೆ ಮೇವು. 1990ರ ದಶಕದಲ್ಲಿ ಸಿಗಡಿಯ ಆಸೆ ಜೋರಾಗಿ, ಅದರ ಬೆನ್ನಿಗೆ ಬಿಳಿಚುಕ್ಕೆ ರೋಗ ಬಂದು ಕೊಳಗಳು ಹಾಳು ಬಿದ್ದವು. ಆ ಕೊಳಗಳಿಗೆ ಮತ್ತೆ ಜೀವ ತುಂಬಲು ಯಾವ ಮೀನು ಎಂದು ಯೋಚಿಸಿದವರು ಹೂಮೀನಿನತ್ತ ಬಂದರು. ಅದಕ್ಕೆ ಡೆಕ್ಕನ್ ಹಿಲ್ಸಾ ಎಂಬ ಹೆಸರೂ ಇದೆ. ಮುಳ್ಳು ಹೆಚ್ಚು, ರುಚಿ ಹೆಚ್ಚು, ಬಂಗಾಳಿಗಳ ಹಿಲ್ಸಾದಂತೆ ಎಂಬ ಅರ್ಥದಲ್ಲಿ. ಹೆಸರಿನಲ್ಲಿ ಡೆಕ್ಕನ್ ಇದ್ದರೂ ಮೀನು ಇನ್ನೂ ಘಟ್ಟ ಹತ್ತಿಲ್ಲ.

ಘಟ್ಟದ ಮೇಲೆ ಉಪ್ಪು ನೀರು ಎಲ್ಲಿದೆ ಎಂದು ಕೇಳಬಹುದು. ಅದನ್ನು ನಾವೇ ಮಾಡಿಕೊಂಡಿದ್ದೇವೆ.

ಇಚಲಕರಂಜಿಯಿಂದ ಕುರುಂದವಾಡದ ಕಡೆ ಹೋಗುವಾಗ ಕಬ್ಬಿನ ನಡುವೆ ಅಲ್ಲಲ್ಲಿ ಬೋಳು ನೆಲ ಕಾಣುತ್ತದೆ. ಶಿರೋಳ ತಾಲ್ಲೂಕಿನ ಅಂಥದೊಂದು ಹೊಲಕ್ಕೆ ಹೋದ ಬೇಸಿಗೆ ಹೋಗಿದ್ದೆ. ದೂರದಿಂದ ಸುಣ್ಣ ಚೆಲ್ಲಿದ ಹಾಗಿತ್ತು. ಹತ್ತಿರ ಹೋದರೆ ಮಣ್ಣಿನ ಮೇಲೆ ಪಾಪಡಿಯಂಥ ಬಿಳಿ ತೊಗಲು. ಕಾಲಿಟ್ಟರೆ ಮೊದಲು ಚುರಕ್ ಎಂದು ಮುರಿಯುತ್ತದೆ, ಅದರ ಕೆಳಗೆ ಮಣ್ಣು ಬೆಣ್ಣೆಯಂತೆ ಮೆತ್ತಗೆ ಒದ್ದೆ. ಹೊಲದ ಹಿರಿಯರು ಚೂರು ಎತ್ತಿ ನಾಲಿಗೆಗೆ ಇಟ್ಟು ಉಗುಳಿ ಹೇಳಿದರು: “ನಮ್ಮಪ್ಪ ಇಲ್ಲಿ ಎಂಥಾ ಕಬ್ಬ ತಗದಾನ್ರಿ. ಈಗ ಹಚ್ಚಿದ್ರ ಮೊಳಕಾಲ ಮಟಾನೂ ಬರೂದಿಲ್ಲ. ಸವುಳ ಆಗೇತಿ.” ಬದುವಿನ ಪಕ್ಕದ ಒಂದು ತಗ್ಗಿನಲ್ಲಿ ನೀರು ನಿಂತಿತ್ತು. ಅದರ ಮೇಲೆ ದಟ್ಟ ಹಸಿರು ಪಾಚಿ. ಕಬ್ಬು ಬಾರದ ಜಾಗದಲ್ಲಿ ಪಾಚಿ ಮಾತ್ರ ಹುಲುಸಾಗಿ ಬಂದಿತ್ತು. ಆ ಹೊತ್ತಿಗೆ ಹೂಮೀನಿನ ಯೋಚನೆ ನನ್ನ ತಲೆಗೆ ಹೊಕ್ಕಿತು.

ಸವುಳು ಆದ ಬಗೆ ಸರಳ. ಕೃಷ್ಣಾ ದಡದ ಎರೆಮಣ್ಣು ನೀರು ಬಿಟ್ಟುಕೊಡುವುದು ನಿಧಾನ. ಏತ ನೀರಾವರಿ ಬಂದ ಮೇಲೆ ಕಬ್ಬಿಗೆ ಸಾಲು ತುಂಬಿ ತುಂಬಿ ನೀರು ಹಾಯಿಸಿದೆವು. ಹೆಚ್ಚಾದ ನೀರು ಹರಿದು ಹೋಗಲು ಬಸಿಗಾಲುವೆ ಇರಲಿಲ್ಲ. ನೆಲದೊಳಗಿನ ನೀರು ವರ್ಷ ವರ್ಷ ಮೇಲೆ ಬಂತು, ಮಣ್ಣಿನೊಳಗಿನ ಉಪ್ಪನ್ನು ಕರಗಿಸಿ ತಂದಿತು. ಬಿಸಿಲು ನೀರನ್ನು ಒಯ್ದು ಉಪ್ಪನ್ನು ಬಿಟ್ಟಿತು. ಇದಕ್ಕೆ ಮೊದಲ ಮದ್ದು ಮೀನಲ್ಲ, ನೆಲದಡಿಯ ಬಸಿಗೊಳವೆ. ಶಿರೋಳದ ಶ್ರೀ ದತ್ತ ಸಹಕಾರಿ ಸಕ್ಕರೆ ಕಾರ್ಖಾನೆಯ ಆಸರೆಯಲ್ಲಿ ರೈತರು ಊರೂರು ಒಟ್ಟುಗೂಡಿ ರಂಧ್ರವಿರುವ ಪೈಪು ಹೂತು ಇಂಥ ಭೂಮಿಯನ್ನು ಮತ್ತೆ ಬೆಳೆಗೆ ತಂದಿದ್ದಾರೆ. ಅದು ದೊಡ್ಡ ಕೆಲಸ. ಕಬ್ಬಿಗೆ, ಗೋಧಿಗೆ ಮರಳುವ ನೆಲವನ್ನು ಮೀನಿನ ಕೊಳ ಮಾಡಿ ಎಂದು ನಾನು ಹೇಳಲಾರೆ. ನನ್ನ ಕಣ್ಣಿರುವುದು ಎರಡು ಜಾಗದ ಮೇಲೆ. ಒಂದು, ತೀರಾ ತಗ್ಗಿನಲ್ಲಿದ್ದು ಎಷ್ಟು ಬಸಿದರೂ ಒಣಗದ ನೆಲ. ಇನ್ನೊಂದು, ಆ ಬಸಿಗೊಳವೆಗಳು ಹೊರಗೆ ತಂದು ಹಾಕುವ ಉಪ್ಪು ನೀರು. ಆ ನೀರು ಈಗ ನಾಲಾ ಹಿಡಿದು ಹೊಳೆಗೆ ಹೋಗುತ್ತದೆ, ಕೆಳಗಿನ ಊರಿನವರ ಹೊಲಕ್ಕೆ ಮತ್ತೆ ಏರುತ್ತದೆ.

ಇದು ಬರಿ ಕಲ್ಪನೆಯಲ್ಲ. ಹರಿಯಾಣದಲ್ಲಿ ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗೆ ಇಂಥದೇ ಸವುಳು ನೆಲದ ನೀರಿನಲ್ಲಿ ಸಿಗಡಿ ಬೆಳೆಯುತ್ತಿದ್ದಾರೆ. ಮುಂಬೈನ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆ ರೋಹತಕದ ಬಳಿಯ ಲಾಹ್ಲಿಯಲ್ಲಿ ಇದಕ್ಕಾಗಿಯೇ ಕೇಂದ್ರ ನಡೆಸುತ್ತದೆ. ಹಿಸ್ಸಾರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ನೆಲದಡಿಯ ಉಪ್ಪು ನೀರಿನಲ್ಲಿ ಹೂಮೀನನ್ನೇ ಬೆಳೆಸಿ ನೋಡಿದ್ದಾರೆ. ಆ ಕಡೆ ಇರುವ ದೊಡ್ಡ ಅಡ್ಡಿ ಚಳಿ. ನೀರು ಹದಿನೈದು ಡಿಗ್ರಿಗಿಂತ ಕೆಳಗಿಳಿದರೆ ಹೂಮೀನಿಗೆ ಆಪತ್ತು. ನಮ್ಮ ಕಡೆ ಸಂಕ್ರಾಂತಿಯ ನಸುಕಿನಲ್ಲಿ ಗಾಳಿ ತಣ್ಣಗಿದ್ದರೂ ಕೊಳದ ನೀರು ಅಷ್ಟು ತಣ್ಣಗಾಗುವುದಿಲ್ಲ. ಬೇಸಿಗೆಯ ಕಾವನ್ನು ಅದು ಸಂತೋಷವಾಗಿಯೇ ತಾಳುತ್ತದೆ.

ಉಪ್ಪಿನ ವಿಷಯದಲ್ಲಿ ಈ ಮೀನಿನ ಶಕ್ತಿ ಆಶ್ಚರ್ಯ ಹುಟ್ಟಿಸುವಂಥದ್ದು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಹೂಮೀನು ಉಪ್ಪೇ ಇಲ್ಲದ ನೀರಿನಲ್ಲೂ ಬದುಕುತ್ತದೆ, ಸಮುದ್ರದ ಎರಡು ಪಟ್ಟು ಉಪ್ಪಿದ್ದರೂ ಬದುಕುತ್ತದೆ. ಅದರ ಕಿವಿರಿನಲ್ಲಿರುವ ವಿಶೇಷ ಕೋಶಗಳು ಎರಡೂ ದಿಕ್ಕಿಗೆ ಓಡುವ ಪಂಪಿನಂತೆ. ಉಪ್ಪು ನೀರಿನಲ್ಲಿದ್ದಾಗ ಮೈಯೊಳಗಿನ ಹೆಚ್ಚಿನ ಉಪ್ಪನ್ನು ಹೊರಗೆ ತಳ್ಳುತ್ತವೆ, ಸಿಹಿನೀರಿಗೆ ಬಂದರೆ ನೀರಿನಲ್ಲಿರುವ ಅಷ್ಟಿಷ್ಟು ಉಪ್ಪನ್ನೇ ಒಳಗೆ ಎಳೆದುಕೊಳ್ಳುತ್ತವೆ. ಆದರೆ ಸಮುದ್ರದ ಉಪ್ಪು ಬೇರೆ, ಹೊಲದ ಉಪ್ಪು ಬೇರೆ. ನೆಲದಡಿಯ ಉಪ್ಪು ನೀರಿನಲ್ಲಿ ಪೊಟ್ಯಾಶಿಯಂ ಬಹಳ ಸಲ ಕಡಿಮೆ ಇರುತ್ತದೆ. ಹರಿಯಾಣದವರು ಕೊಳಕ್ಕೆ ಪೊಟ್ಯಾಷ್ ಗೊಬ್ಬರ ಹಾಕಿ ಅದನ್ನು ಸರಿಪಡಿಸಿಕೊಂಡರು, ನಾವು ಕಬ್ಬಿಗೆ ಹಾಕುವ ಅದೇ ಪೊಟ್ಯಾಷ್. ಕ್ಷಾರ ಹೆಚ್ಚಿದ್ದರೆ ಅದು ಇನ್ನೊಂದು ತೊಂದರೆ. ಹಾಗಾಗಿ ನಾಲಿಗೆಯ ಮೇಲಿಟ್ಟು ನೋಡಿದರೆ ಸಾಲದು. ಒಂದು ಬಾಟಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಒಯ್ಯಬೇಕು. ಮೊದಲ ಪ್ರಯೋಗಕ್ಕೆ ಕೊಲ್ಹಾಪುರ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಗಳು ಮುಂದೆ ಬರಬೇಕು ಎಂಬುದು ನನ್ನ ಆಸೆ. ಅವುಗಳಲ್ಲಿ ಒಂದಾದ ಕಣೇರಿ ಮಠದ ಸಿದ್ಧಗಿರಿ ಕೇಂದ್ರದ ಮಾತನ್ನು ಗಡಿಯ ಎರಡೂ ಕಡೆಯ ರೈತರು ಕೇಳುತ್ತಾರೆ, ಕನ್ನಡದಲ್ಲೂ ಮರಾಠಿಯಲ್ಲೂ.

ಎಚ್ಚರದ ಮಾತುಗಳೂ ಇವೆ, ಅವನ್ನು ಮೆಲ್ಲಗೆ ಹೇಳಿ ದಾಟುವಂತಿಲ್ಲ. ಕರಾವಳಿಯಲ್ಲಿ ಸಿಗಡಿ ಕೊಳಗಳು ಸುತ್ತಲಿನ ಬಾವಿಗಳನ್ನು, ಗದ್ದೆಗಳನ್ನು ಉಪ್ಪು ಮಾಡಿದವು ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ 1996ರ ಡಿಸೆಂಬರಿನಲ್ಲಿ ಕಠಿಣವಾದ ತೀರ್ಪೇ ಬಂತು. ಘಟ್ಟದ ಮೇಲೆ ಯಾರಾದರೂ ಲಾಭದ ಆಸೆಗೆ ಒಳ್ಳೆಯ ಹೊಲದ ಮಧ್ಯೆ ಉಪ್ಪು ನೀರು ನಿಲ್ಲಿಸಿದರೆ ಪಕ್ಕದವನ ಹೊಲ ಸವುಳಾಗುತ್ತದೆ. ಆಗಲೇ ಉಪ್ಪಾದ ನೆಲ, ಆಗಲೇ ಉಪ್ಪಾದ ನೀರು, ಇವೆರಡನ್ನು ಬಿಟ್ಟು ಬೇರೆಲ್ಲಿಯೂ ಕೂಡದು. ಇನ್ನೊಂದು, ಇಚಲಕರಂಜಿಯ ಕೆಳಗಿನ ಪಂಚಗಂಗೆಯ ನೀರು. ತೇರವಾಡದ ಬಂಧಾರದಲ್ಲಿ ಸತ್ತ ಮೀನು ರಾಶಿ ರಾಶಿ ತೇಲಿದ್ದನ್ನು ಶಿರೋಳದ ಜನ ವರ್ಷ ಬಿಟ್ಟು ವರ್ಷ ನೋಡಿದ್ದಾರೆ. ಊರಿನ ಚರಂಡಿ, ಬಟ್ಟೆಗೆ ಬಣ್ಣ ಹಾಕಿದ ನೀರು, ಎಲ್ಲ ಸೇರಿದ ಹೊಳೆಯಲ್ಲಿ ಉಸಿರಿನ ಗಾಳಿ ಉಳಿಯುವುದಿಲ್ಲ. ಹೂಮೀನು ಪಾಚಿ ತಿನ್ನುತ್ತದೆ ಎಂದರೆ ಹೊಲಸು ತಿಂದು ಅರಗಿಸಿಕೊಳ್ಳುತ್ತದೆ ಎಂದು ಯಾರೂ ತಿಳಿಯಬಾರದು. ಪಾಚಿ ಹೀರಿದ ವಿಷ ಮೀನಿಗೆ, ಮೀನಿನಿಂದ ನಮ್ಮ ಮಕ್ಕಳಿಗೆ ಬರುತ್ತದೆ. ಆ ಹೊಳೆ ತಿಳಿಯಾಗುವ ತನಕ ಅದರ ನೀರನ್ನು ಕೊಳಕ್ಕೆ ಎತ್ತಬಾರದು.

ಹೊರಗಿನ ಮೀನು ತಂದು ಬಿಟ್ಟರೆ ನಮ್ಮ ಹೊಳೆಯ ಮೀನುಗಳ ಗತಿ ಏನು ಎಂಬ ಪ್ರಶ್ನೆಯೂ ನ್ಯಾಯವಾದದ್ದು. 1952ರಲ್ಲಿ ತಿಲಾಪಿಯಾ ಭಾರತಕ್ಕೆ ಬಂತು. ಜಿಲೇಬಿ ಮೀನು ಎಂದು ನಾವು ಕರೆಯುವ ಅದು ಇವತ್ತು ಕೃಷ್ಣೆ ಘಟಪ್ರಭೆಗಳ ಯಾವ ಮಡುವಿನಲ್ಲಿ ಬಲೆ ಹಾಕಿದರೂ ಬರುತ್ತದೆ. ಆಫ್ರಿಕಾದ ಬೆಕ್ಕುಮೀನನ್ನು ನಿಷೇಧಿಸಿದ ಮೇಲೂ ಕದ್ದು ಸಾಕುತ್ತಾರೆ. ಹೂಮೀನಿನ ವಿಷಯದಲ್ಲಿ ಅದರ ದೊಡ್ಡ ಕೊರತೆಯೇ ನಮ್ಮ ರಕ್ಷಣೆ. 2019ರ ಆಗಸ್ಟಿನಲ್ಲಿ ಬಂದಂಥ ಮಹಾಪೂರ ಬಂದು ಕೊಳ ಒಡೆದು ಮೀನೆಲ್ಲ ಕೃಷ್ಣೆ ಪಾಲಾದರೂ ಹೊಳೆಯಲ್ಲಿ ಅದು ಮರಿ ಮಾಡಲಾರದು. ಒಂದು ತಲೆಮಾರು ಬದುಕಿ ಮುಗಿಯುತ್ತದೆ. ಅಷ್ಟು ದಿನ ಹೊಳೆಯ ಪಾಚಿ ಮೇಯುವುದು ನಿಜ, ಆದರೆ ಹೊಳೆಯನ್ನು ತನ್ನದು ಮಾಡಿಕೊಳ್ಳುವುದಿಲ್ಲ. ಇದರ ಇನ್ನೊಂದು ಮುಖ ರೈತನಿಗೆ ಭಾರ. ಪ್ರತಿ ಸಲವೂ ಮರಿ ಕರಾವಳಿಯಿಂದಲೇ ಬರಬೇಕು. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿ ಪ್ರಯಾಣ ಮಾಡಿಸಿ, ಚೀಲವನ್ನು ಹಾಗೆಯೇ ಕೊಳದಲ್ಲಿ ತೇಲಬಿಟ್ಟು, ಒಳಗಿನ ನೀರಿಗೆ ಹೊರಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಆಮೇಲೆ ಬಿಡಬೇಕು. ಅವಸರ ಮಾಡಿದರೆ ತಂದ ಮರಿಯೆಲ್ಲ ಸಂಜೆಯೊಳಗೆ ಬಿಳಿಚಿ ಮೇಲೆ ಬರುತ್ತದೆ.

ಗಡಹಿಂಗ್ಲಜದ ಓದುಗರು ನಮ್ಮ ಕಡೆಗೇನು ಎಂದು ಕೇಳಬಹುದು. ಹಿರಣ್ಯಕೇಶಿಯ ದಡದಲ್ಲಿ, ನೂಲ, ಹಲಕರ್ಣಿ ಕಡೆಯ ಹೊಲಗಳಲ್ಲಿ ಈಗ ಎಲ್ಲೆಲ್ಲೂ ಕೃಷಿ ಹೊಂಡ. ಅವುಗಳಲ್ಲಿ ಇರುವುದು ಸಿಹಿನೀರು. ಸುಲ್ತಾನನ ಕೆರೆಯಲ್ಲಿ ಬೆಳೆದ ಮೀನು ಇಲ್ಲೂ ಬೆಳೆದೀತು. ಆದರೂ ಇಲ್ಲಿ ಹೂಮೀನು ಬೇಡ ಎಂಬುದೇ ನನ್ನ ಅಭಿಪ್ರಾಯ. ರೋಹು, ಕಟ್ಲಾ, ಮೃಗಾಲ್ ಮರಿ ಹತ್ತಿರದಲ್ಲೇ ಸಿಗುತ್ತವೆ, ಸಾಕುವ ಕ್ರಮ ಗೊತ್ತಿದೆ, ಕೊಳ್ಳುವವರಿದ್ದಾರೆ. ಸಿಹಿನೀರಿಗೆ ಅವು ಸಾಕು. ಅಂದ ಹಾಗೆ ಹೂಮೀನು ಇವಕ್ಕೆ ಪರಕೀಯವೂ ಅಲ್ಲ. ಮೀನುಗಳ ವಂಶವೃಕ್ಷದಲ್ಲಿ ರೋಹು ಕಟ್ಲಾಗಳ ದೊಡ್ಡ ಕೊಂಬೆಯ ಪಕ್ಕದಲ್ಲೇ ಒಡೆದ ಹಳೆಯ ಟಿಸಿಲು ಅದರದು. ಅದರ ಕುಟುಂಬದಲ್ಲಿ ಇವತ್ತು ಉಳಿದಿರುವ ಜಾತಿ ಅದೊಂದೇ.

ಆ ನೆಂಟಸ್ತಿಕೆ ನಾಲಿಗೆಗೆ ತಿಳಿಯುವುದು ಮುಳ್ಳಿನಿಂದ. ರೋಹು ತಿಂದವರಿಗೆ ಮಾಂಸದೊಳಗೆ ಕವಲೊಡೆದು ಕೂತ ಸಣ್ಣ ಮುಳ್ಳು ಗೊತ್ತು. ಹೂಮೀನಿನಲ್ಲಿ ಅಂಥವು ಇನ್ನೂರಕ್ಕೂ ಹೆಚ್ಚು. ಕುಂದಾಪುರದ ಗೆಳೆಯನ ಮನೆಯಲ್ಲಿ ಮೊದಲ ಸಲ ತಿಂದಾಗ ನಾನು ಗಂಟಲು ಹಿಡಿದುಕೊಂಡು ಅನ್ನದ ಮುದ್ದೆ ನುಂಗಿದ್ದೆ. ಅವನ ತಾಯಿ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. “ಹೂಮೀನ್ ತಿಂಬುಕೆ ಪುರ್ಸೊತ್ತ್ ಬೇಕ್ ಮಗಾ” ಎಂದು ಬೆರಳ ತುದಿಯಲ್ಲಿ ಮಾಂಸದ ಎಸಳು ಬಿಡಿಸುತ್ತಾ ಹೋದರು. ಬೆನ್ನಿನ ತುಂಡು ನನಗೆ, ಬಾಲದ ತುಂಡು ಅವರಿಗೆ. ಬಾಲದ ಕಡೆ ಮುಳ್ಳು ಹೆಚ್ಚು ಎಂದು ಆಮೇಲೆ ತಿಳಿಯಿತು. ಹೊಟ್ಟೆಯ ತುಂಡನ್ನು ಕೊನೆಗೆ ಇಟ್ಟಿದ್ದರು. ಕೊಬ್ಬು ತುಂಬಿದ ಆ ಭಾಗದಲ್ಲಿ ಹುಳಿ ಖಾರ ಇಳಿದು, ಬಾಯಲ್ಲಿಟ್ಟರೆ ಅಗಿಯುವ ಮೊದಲೇ ಕರಗಿತು.

ಮುಳ್ಳಿಗೆ ಅಡುಗೆಮನೆಯಲ್ಲೇ ಎರಡು ಉಪಾಯವಿದೆ. ಒಂದು ಗೀರು. ಮೀನಿನ ಎರಡೂ ಮಗ್ಗುಲಿಗೆ ಹರಿತವಾದ ಕತ್ತಿಯಿಂದ ಭತ್ತದ ಕಾಳಿನಷ್ಟು ಅಂತರ ಬಿಟ್ಟು ಅಡ್ಡ ಅಡ್ಡ ಗೀರಬೇಕು. ತೊಗಲು ದಾಟಿ, ಬೆನ್ನೆಲುಬಿಗೆ ತಾಗುವ ತನಕ. ಕತ್ತಿ ಮುಳ್ಳನ್ನು ಕಡಿಯುವಾಗ ಕಿರ್ ಕಿರ್ ಎಂಬ ಸಣ್ಣ ಸದ್ದು ಕೇಳುತ್ತದೆ, ಆ ಸದ್ದು ನಿಂತರೆ ಗೀರು ಆಳ ಸಾಲದು ಎಂದರ್ಥ. ಖಾರ ಹಚ್ಚಿ ಗರಿಯಾಗಿ ಕರಿದರೆ ಚೂರಾದ ಮುಳ್ಳು ಚಕ್ಕುಲಿಯಂತೆ ಅಗಿಯಲು ಬರುತ್ತದೆ. ಎರಡನೆಯದು ಕುಕ್ಕರ್. ಜಾವಾದ ಸೆಮರಾಂಗಿನಲ್ಲಿ ‘ಬಂದೆಂಗ್ ಪ್ರೆಸ್ಟೋ’ ಎಂಬ ತಿನಿಸು ಪ್ರಸಿದ್ಧ. ಬಂದೆಂಗ್ ಎಂದರೆ ಹೂಮೀನು, ಪ್ರೆಸ್ಟೋ ಎಂದರೆ ನಮ್ಮ ಮನೆಮನೆಯ ಒತ್ತಡದ ಕುಕ್ಕರ್. ಅರಿಸಿನ, ಬೆಳ್ಳುಳ್ಳಿ ಅರೆದು ಹಚ್ಚಿ ಸಣ್ಣ ಉರಿಯಲ್ಲಿ ಎರಡು ತಾಸಿನವರೆಗೆ ಬೇಯಿಸಿದರೆ ಮುಳ್ಳು ಮೆತ್ತಗಾಗಿ ಮಾಂಸದ ಜೊತೆಗೇ ಹೋಗುತ್ತದೆ, ಮೀನಿನ ಆಕಾರ ಮಾತ್ರ ಹಾಗೆಯೇ ಉಳಿಯುತ್ತದೆ. ಗಡಹಿಂಗ್ಲಜ ಪೇಟೆಯ ಸಂಕೇಶ್ವರಿ ಮೆಣಸಿನಕಾಯಿ ಮತ್ತು ನಾಲ್ಕು ಆಮಸೂಲು ಹಾಕಿ ನಾನು ಇದನ್ನು ಮಾಡಿ ನೋಡಿದ್ದೇನೆ. ಕರಾವಳಿಯಿಂದ ಬರ್ಫದಲ್ಲಿ ತರಿಸಿದ ಮೀನು, ಒಂದೂವರೆ ತಾಸು ಕುಕ್ಕರಿನಲ್ಲಿತ್ತು. ಬೆನ್ನೆಲುಬು ಇನ್ನೂ ತುಸು ಗಟ್ಟಿ, ಸಣ್ಣ ಮುಳ್ಳು ನಾಲಿಗೆಗೆ ಸಿಗಲೇ ಇಲ್ಲ.

ಸಾಕಿದ ಮೀನಿಗೆ ಕೆಲವೊಮ್ಮೆ ಮಣ್ಣಿನ ವಾಸನೆ ಬರುತ್ತದೆ. ಮೊದಲ ಮಳೆಗೆ ನೆಲದಿಂದ ಏಳುವ ಪರಿಮಳಕ್ಕೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವೇ ಇದಕ್ಕೂ ಕಾರಣ. ಕೊಳದ ಕೆಲವು ಸೂಕ್ಷ್ಮಜೀವಿಗಳು ಅದನ್ನು ಮಾಡುತ್ತವೆ, ಮೀನಿನ ಕೊಬ್ಬಿನಲ್ಲಿ ಅದು ಕೂರುತ್ತದೆ. ಮಾರುವ ಮುಂಚೆ ಕೆಲವು ದಿನ ಮೇವು ನಿಲ್ಲಿಸಿ ಹರಿಯುವ ಶುದ್ಧ ನೀರಿನಲ್ಲಿಟ್ಟರೆ ಹೋಗುತ್ತದೆ. ಇಷ್ಟು ಕೆಲಸ ತಪ್ಪಿಸಿ ಮೊದಲ ಸಲವೇ ವಾಸನೆಯ ಮೀನು ಪೇಟೆಗೆ ತಂದರೆ ಎರಡನೆಯ ಸಲ ಗಿರಾಕಿ ತಿರುಗಿ ನೋಡುವುದಿಲ್ಲ.

ಗಿರಾಕಿ ಯಾರು? ಕೊಲ್ಹಾಪುರದ ಊಟವೆಂದರೆ ಮಟನ್, ತಾಂಬಡಾ ರಸ್ಸಾ, ಪಾಂಢರಾ ರಸ್ಸಾ. ಮೀನು ಬೇಕೆಂದವರು ಮಾಲವಣದಿಂದ, ರತ್ನಾಗಿರಿಯಿಂದ ಘಟ್ಟ ಹತ್ತಿ ಬರುವ ಸುರಮಯಿ, ಬಾಂಗಡಾ ಕೇಳುತ್ತಾರೆ. ಆದರೆ ಇಚಲಕರಂಜಿಯ ಮಗ್ಗಗಳ ಸುತ್ತಲಿನ ಗಲ್ಲಿಗಳಿಗೆ ಹೋಗಿ ನೋಡಿ. ಬಿಹಾರದಿಂದ, ಉತ್ತರ ಪ್ರದೇಶದಿಂದ, ಒಡಿಶಾದಿಂದ ಬಂದ ಕೆಲಸಗಾರರು, ಮುಂಚೆಯೇ ಬಂದು ನೆಲೆಸಿದ ನಮ್ಮ ಕನ್ನಡದ ನೇಕಾರರು. ಹೊಳೆ ಮೀನಿನ ಮುಳ್ಳು ಬಿಡಿಸಿ ತಿಂದು ಬೆಳೆದವರು ಇವರಲ್ಲಿ ಬಹಳ ಜನ. ಹನ್ನೆರಡು ತಾಸು ಪಾಳಿ ಮುಗಿಸಿ ಬರುವವನಿಗೆ ಕೈಗೆಟುಕುವ ಬೆಲೆಯ ತಾಜಾ ಮೀನು ಬೇಕು. ಹೂಮೀನಿನ ಮೊದಲ ಪೇಟೆ ಅದೇ ಎಂದು ನನಗೆ ಖಾತ್ರಿ ಅನ್ನಿಸುತ್ತದೆ, ಹೋಟೆಲುಗಳ ಮೆನು ಆಮೇಲೆ.

ಕೊನೆಗೆ ಉಳಿಯುವುದು ಪೂರದ ಭಯ. ಶಿರೋಳದಲ್ಲಿ 2005, 2019, 2021ರ ನೀರನ್ನು ಯಾರೂ ಮರೆತಿಲ್ಲ. ಜುಲೈ, ಆಗಸ್ಟಿನಲ್ಲಿ ಕೊಳದಲ್ಲಿ ಮೀನು ಇರಬಾರದು. ಹಾಗಾದರೆ ಲೆಕ್ಕ ಹೀಗೆ ಹಾಕಬಹುದು. ನೀರು ಇಳಿದ ಮೇಲೆ ಸೆಪ್ಟೆಂಬರಿನಲ್ಲಿ ಒಡ್ಡು ತಿದ್ದಿ ತಳ ಒಣಗಿಸಬೇಕು. ನವರಾತ್ರಿಯ ಹೊತ್ತಿಗೆ ಪಾಚಿಯ ಕಂಬಳಿ ಸಿದ್ಧ, ಮರಿ ಬಿಡುವುದು ದೀಪಾವಳಿಯ ಒಳಗೆ. ಏಳು ತಿಂಗಳಲ್ಲಿ ಅರ್ಧ ಕಿಲೋದ ಹತ್ತಿರ ಬಂದರೆ ಮೇ ಕೊನೆಗೆ ಬಲೆ ಹಾಕಬಹುದು. ಬಲೆಯೂ ಬೇಕಾಗಿಲ್ಲ, ತೂಬಿನಿಂದ ಹೊಸ ನೀರು ಬಿಟ್ಟರೆ ಹೂಮೀನು ಹರಿವಿಗೆ ಎದುರಾಗಿ ತಾನೇ ಸಾಲುಗಟ್ಟಿ ತೂಬಿನ ಬಾಯಿಗೆ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಸುರಮಯಿಯ ಟೆಂಪೋ ಘಟ್ಟ ಹತ್ತುವುದು ಆಗ ಅಪರೂಪ. ಶಿರೋಳದ ಕೊಳ ಖಾಲಿಯಾಗಬೇಕಾದ ವಾರಗಳು, ಇಚಲಕರಂಜಿಯ ಮೀನುಪೇಟೆಯ ಕಟ್ಟೆಗಳು ಬರಿದಾಗುವ ವಾರಗಳು ಎರಡೂ ಒಂದೇ.